ಬಯೋಇನ್ಫರ್ಮ್ಯಾಟಿಕ್ಸ್ ಓದಬೇಕೆನ್ನುವವರಿಗೆ: ಪಿಯುಸಿಯಿಂದ ಮೊದಲ ಕೆಲಸದವರೆಗೆ, ಬೆಂಗಳೂರಿನಲ್ಲಿ

ಸಿಇಟಿ ರಿಸಲ್ಟ್ ಬಂದ ವಾರ ಈ ಪ್ರಶ್ನೆ ತಪ್ಪದೆ ಬರುತ್ತದೆ. "ಮೆಡಿಕಲ್ ಸಿಗಲ್ಲ, ಕಂಪ್ಯೂಟರ್ ಸೈನ್ಸ್ ಸೀಟು ಕೈಗೆಟುಕಲ್ಲ, ಬಯೋಇನ್ಫರ್ಮ್ಯಾಟಿಕ್ಸ್‌ಗೆ ಸ್ಕೋಪ್ ಇದೆಯಾ?" ಕೇಳುವವರು ಹೆಚ್ಚಾಗಿ ಅಪ್ಪ ಅಮ್ಮ. ಮಗಳು ಪಕ್ಕದಲ್ಲಿ ಸುಮ್ನೆ ಕೂತಿರುತ್ತಾಳೆ.

ಬಯೋಇನ್ಫರ್ಮ್ಯಾಟಿಕ್ಸ್ ಅಂದರೆ ಡಿಎನ್‌ಎ, ಪ್ರೋಟೀನ್‌ನಂಥ ಬಯಾಲಜಿ ಡೇಟಾವನ್ನು ಕಂಪ್ಯೂಟರ್ ಬಳಸಿ ಓದಿ ಅರ್ಥ ಮಾಡಿಕೊಳ್ಳುವ ಕೆಲಸ. ಸ್ಕೋಪ್ ಇದೆ. ಆದರೆ ಅದು ಸಿಗುವುದು ಡಿಗ್ರಿ ಸರ್ಟಿಫಿಕೇಟ್ ಮೇಲಿನ ಹೆಸರಿನಿಂದ ಅಂದುಕೊಂಡರೆ ನಿರಾಸೆಯಾಗುತ್ತದೆ. ಬಯಾಲಜಿ ಓದಿ ಕೋಡ್ ಕಲಿತವರು, ಬಿಇ ಮಾಡಿ ಬಯಾಲಜಿ ಕಲಿತವರು, ಸ್ಟ್ಯಾಟಿಸ್ಟಿಕ್ಸ್‌ನಿಂದ ಬಂದವರು, ಎಲ್ಲರೂ ಈ ಕೆಲಸದಲ್ಲಿದ್ದಾರೆ. ಎರಡೂ ಕಡೆ ಅರ್ಧರ್ಧ ಗೊತ್ತಿರುವವರಿಗೆ ಮಾತ್ರ ಕಷ್ಟ. ಹಾಗಾಗಿ ಈ ಲೇಖನದಲ್ಲಿ ಕಾಲೇಜುಗಳ ಪಟ್ಟಿಗಿಂತ ಜಾಸ್ತಿ ಜಾಗ ಕೆಲಸಕ್ಕೇ ಕೊಟ್ಟಿದ್ದೇನೆ.

1. ಸೇರುವ ಮೊದಲು ಕೆಲಸ ಎಂಥದ್ದು ಅಂತ ನೋಡಿ

ಸಿಕಲ್ ಸೆಲ್ ಕಾಯಿಲೆಯ ಬಗ್ಗೆ ಪಿಯುಸಿ ಬಯಾಲಜಿಯಲ್ಲಿ ಓದಿರುತ್ತೀರಿ. ನಮ್ಮ ರಾಜ್ಯದ ಬುಡಕಟ್ಟು ಸಮುದಾಯಗಳಲ್ಲೂ ಇರುವ ರಕ್ತದ ಕಾಯಿಲೆ ಇದು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಜೀನ್‌ನಲ್ಲಿ ಒಂದೇ ಒಂದು ಅಕ್ಷರ (ಡಿಎನ್‌ಎಯ ಎ, ಟಿ, ಜಿ, ಸಿಗಳಲ್ಲಿ ಒಂದು) ಬದಲಾಗುತ್ತದೆ. ಜಿಎಜಿ ಇದ್ದದ್ದು ಜಿಟಿಜಿ ಆಗುತ್ತದೆ, ಗ್ಲುಟಾಮಿಕ್ ಆಸಿಡ್ ಇರಬೇಕಾದ ಕಡೆ ವ್ಯಾಲೀನ್ ಬಂದು ಕೂರುತ್ತದೆ. ಪುಸ್ತಕದಲ್ಲಿ ಇಷ್ಟೇ.

ಈಗ ಒಬ್ಬ ರೋಗಿಯ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದಿಸಿದ ಫೈಲು ನಿಮ್ಮ ಮುಂದಿದೆ ಅಂದುಕೊಳ್ಳಿ. ಮನುಷ್ಯನ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರ. ಹೋಲಿಕೆಗೆಂದೇ ಎಲ್ಲರೂ ಬಳಸುವ ಮಾದರಿ ಜೀನೋಮ್ ಜೊತೆ ಹೋಲಿಸಿದರೆ ಯಾರದೇ ಆಗಲಿ, 40ರಿಂದ 50 ಲಕ್ಷ ಜಾಗಗಳಲ್ಲಿ ವ್ಯತ್ಯಾಸ ಸಿಗುತ್ತದೆ. ಅವುಗಳಲ್ಲಿ ಬಹುಪಾಲು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆ ರಾಶಿಯಲ್ಲಿ ಸಿಕಲ್ ಸೆಲ್‌ನ ಆ ಒಂದು ಅಕ್ಷರವನ್ನು ಹುಡುಕಬೇಕು.

ಕಣ್ಣಲ್ಲಿ ನೋಡಿ ಹುಡುಕುವುದು ಆಗದ ಮಾತು, ಕೋಡ್ ಬೇಕೇ ಬೇಕು. ಸರಿ, ಕೋಡ್ ಬರೆದು ಎ ಹೋಗಿ ಟಿ ಬಂದ ಜಾಗ ಹುಡುಕಿದಿರಿ. ಸಿಗುವುದಿಲ್ಲ! ಯಾಕೆಂದರೆ ಈ ಜೀನ್ 11ನೇ ಕ್ರೋಮೋಸೋಮ್‌ನಲ್ಲಿ ಎದುರು ಎಳೆಯ ಮೇಲಿದೆ. ಫೈಲಿನಲ್ಲಿ ಬರೆಯುವುದು ಮುಂದಿನ ಎಳೆಯ ಲೆಕ್ಕದಲ್ಲಿ. ಒಂದು ಎಳೆಯ ಎ ಎದುರಿಗೆ ಇನ್ನೊಂದರಲ್ಲಿ ಟಿ ಇರುತ್ತದೆ, ಹಾಗಾಗಿ ಅಲ್ಲಿ ಕಾಣುವುದು ಟಿ ಹೋಗಿ ಎ ಬಂದಂತೆ.

ಜಾಗದ ಸಂಖ್ಯೆ ನೋಡಿ ಹುಡುಕೋಣ ಅಂದರೆ ಅದಕ್ಕೂ ಎರಡು ಉತ್ತರ ಇದೆ. ಜಿಆರ್‌ಸಿಎಚ್37 ಎಂಬ ಹಳೆಯ ಮಾದರಿ ಜೀನೋಮ್‌ನಲ್ಲಿ ಅದು 5248232, ಜಿಆರ್‌ಸಿಎಚ್38ರಲ್ಲಿ 5227002. ಎರಡೂ ಇಂದಿಗೂ ಬಳಕೆಯಲ್ಲಿವೆ. ಯಾವುದರ ಮೇಲೆ ಜೋಡಿಸಿದ ಫೈಲು ಅಂತ ಕೇಳದೆ ಶುರು ಮಾಡಿದರೆ ಬೇರೆ ಯಾವುದೋ ಅಕ್ಷರ ನೋಡುತ್ತಾ ಕೂರುತ್ತೀರಿ.

ಇನ್ನೂ ಒಂದಿದೆ. ಹಳೆಯ ಪುಸ್ತಕಗಳಲ್ಲಿ ಇದು ಪ್ರೋಟೀನ್‌ನ 6ನೇ ಸ್ಥಾನದ ಬದಲಾವಣೆ, ಈಗಿನ ಡೇಟಾಬೇಸ್‌ಗಳಲ್ಲಿ 7ನೇದು. ಪ್ರೋಟೀನ್ ತಯಾರಾದ ಮೇಲೆ ಕತ್ತರಿಸಿ ಹೋಗುವ ಮೊದಲ ಮೆಥಿಯೋನಿನ್ ಅನ್ನು ಹಿಂದೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಈಗ ತೆಗೆದುಕೊಳ್ಳುತ್ತಾರೆ.

ಬಯಾಲಜಿ ಗೊತ್ತಿಲ್ಲದ ಪ್ರೋಗ್ರಾಮರ್‌ಗೆ ಇವೆಲ್ಲ ಬೇರೆ ಬೇರೆ ಮ್ಯುಟೇಶನ್‌ಗಳ ಹಾಗೆ ಕಾಣುತ್ತವೆ. ಕೋಡ್ ಬಾರದ ಬಯಾಲಜಿ ಪದವೀಧರೆಗೆ ಆ ಸಾಲೇ ಸಿಗುವುದಿಲ್ಲ. ಈ ಉದಾಹರಣೆ ಓದುವಾಗ "ಅರೆ, ಮಜಾ ಇದೆಯಲ್ಲ" ಅನ್ನಿಸಿದರೆ ಮುಂದಿನ ಹೆಜ್ಜೆಗೆ ಬನ್ನಿ. ತಲೆನೋವು ಅನ್ನಿಸಿದರೆ ಅದೂ ಒಳ್ಳೆಯ ಮಾಹಿತಿಯೇ. ಮೂರು ವರ್ಷ, ಒಂದಿಷ್ಟು ಲಕ್ಷ ಉಳಿಯಿತು ಅಂದುಕೊಳ್ಳಿ.

2. ಪಿಯುಸಿಯಲ್ಲಿ ಗಣಿತ ಬಿಡಬೇಡಿ

ಪಿಸಿಎಂಬಿ ಅತ್ಯುತ್ತಮ. ಪಿಸಿಎಂಸಿ ತೆಗೆದುಕೊಂಡವರೂ ಬರಬಹುದು, ಬಯಾಲಜಿಯನ್ನು ಆಮೇಲೆ ಹಿಡಿಯಬಹುದು. ಗಣಿತ ಬಿಟ್ಟು ಬರೀ ಬಯಾಲಜಿ ಇಟ್ಟುಕೊಂಡವರಿಗೆ ಬಿಇ ಬಾಗಿಲು ಮುಚ್ಚುತ್ತದೆ, ಐಐಎಸ್‌ಸಿಯ ಪದವಿ ಕೋರ್ಸಿಗೂ ಅರ್ಜಿ ಹಾಕಲು ಆಗುವುದಿಲ್ಲ. ನೀಟ್‌ಗೆ ಗಣಿತ ಯಾಕೆ ಅಂತ ಬಿಟ್ಟವರು ಬಿಎಸ್ಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಅಥವಾ ಗಣಿತದ ಪೇಪರ್ ಸಿಗುವ ಕಾಲೇಜು ಹುಡುಕಿ.

3. ಡಿಗ್ರಿ ಆಯ್ಕೆ: ಬುಡ ಗಟ್ಟಿಯಾಗಿರಲಿ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಪದವಿ ಮಟ್ಟದಲ್ಲಿ "ಬಯೋಇನ್ಫರ್ಮ್ಯಾಟಿಕ್ಸ್" ಎಂಬ ಹೆಸರಿನ ಕೋರ್ಸೇ ಬೇಕು ಅಂತ ಹಟ ಬೇಡ. ಬಿಎಸ್ಸಿಯಲ್ಲಿ ಬಯೋಟೆಕ್ನಾಲಜಿ, ಜೆನೆಟಿಕ್ಸ್, ಮೈಕ್ರೋಬಯಾಲಜಿ, ಕಂಪ್ಯೂಟರ್ ಸೈನ್ಸ್, ಸ್ಟ್ಯಾಟಿಸ್ಟಿಕ್ಸ್, ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಬುಡ ಗಟ್ಟಿ ಮಾಡಿಕೊಂಡು ಎಂಎಸ್ಸಿಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್‌ಗೆ ಬಂದರೆ ಚೆನ್ನ. ಮನಸ್ಸು ಬದಲಾದರೂ ಬೇರೆ ದಾರಿ ಇರುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಮನಸ್ಸು ಬದಲಾಗುವುದು ಸಹಜ, ಅಲ್ವಾ?

ಬಿಇ ಬಯೋಟೆಕ್ನಾಲಜಿ ಇನ್ನೊಂದು ದಾರಿ. ಬೆಂಗಳೂರಿನಲ್ಲಿ ಆರ್‌ವಿ, ಬಿಎಂಎಸ್, ರಾಮಯ್ಯ ಮುಂತಾದ ಕಡೆ ಇದೆ. ಸಿಇಟಿ ಅಥವಾ ಕಾಮೆಡ್‌ಕೆ ಮೂಲಕ ಸೀಟು. ಗಣಿತ, ಪ್ರೋಗ್ರಾಮಿಂಗ್ ಜೊತೆಯಲ್ಲೇ ಬರುತ್ತವೆ. ನಾಲ್ಕು ವರ್ಷದ ಡಿಗ್ರಿ ಆದ್ದರಿಂದ ವಿದೇಶದಲ್ಲಿ ಮಾಸ್ಟರ್ಸ್ ಮಾಡಲು ಸುಲಭ. ರಾಜ್ಯದಲ್ಲಿ 2024-25ರಿಂದ ಬಿಎಸ್ಸಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಹೊರದೇಶದ ಕೆಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ ಎನ್ನುವುದು ತಲೆಯಲ್ಲಿರಲಿ.

ಹಾಗಂತ ಬಯೋಇನ್ಫರ್ಮ್ಯಾಟಿಕ್ಸ್ ಬಿಎಸ್ಸಿ ಕೆಟ್ಟದ್ದು ಅಂತಲ್ಲ. ಕಾಲೇಜಿಗೆ ಹೋದಾಗ ಕೌನ್ಸೆಲರ್ ಹತ್ತಿರ ಬ್ರೋಷರ್ ತೆಗೆದುಕೊಂಡು ವಾಪಸ್ ಬರಬೇಡಿ. ಲ್ಯಾಬ್ ತೋರಿಸಿ ಅನ್ನಿ. ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಇದೆಯಾ? ಪಾಠ ಮಾಡುವವರಲ್ಲಿ ಈ ವಿಷಯದಲ್ಲೇ ಸಂಶೋಧನೆ ಮಾಡಿದವರು ಎಷ್ಟು ಜನ? ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್ ಕಾಲೇಜಿನೊಳಗೋ ಹೊರಗಿನ ಲ್ಯಾಬಿನಲ್ಲೋ? ಕಳೆದ ಎರಡು ಬ್ಯಾಚಿನವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ, ಹೊರಗೆ ಟೀ ಅಂಗಡಿ ಮುಂದೆ ನಿಂತ ಸೀನಿಯರ್‌ಗಳನ್ನು ಕೇಳಿ. ಅವರು ಸತ್ಯ ಹೇಳುತ್ತಾರೆ.

4. ಯಾವುದನ್ನು ಮೊದಲು ಕಲಿಯಬೇಕು

ಎಲ್ಲರೂ ಪೈಥಾನ್‌ನಿಂದ ಶುರು ಮಾಡುತ್ತಾರೆ. ನಾನು ಲಿನಕ್ಸ್‌ನಿಂದ ಅನ್ನುತ್ತೇನೆ. ಈ ಕ್ಷೇತ್ರದ ಬಹುತೇಕ ಟೂಲ್‌ಗಳು ಕಪ್ಪು ಪರದೆಯ ಟರ್ಮಿನಲ್‌ನಲ್ಲಿ ಓಡುತ್ತವೆ. ಫೋಲ್ಡರ್ ಬದಲಿಸುವುದು, ಫೈಲ್ ತೆರೆಯದೆ ಒಳಗೇನಿದೆ ಅಂತ ನೋಡುವುದು, ಗ್ರೆಪ್ ಮತ್ತು ಆಕ್ ಎಂಬ ಕಮಾಂಡ್ ಬಳಸಿ ಬೇಕಾದ ಸಾಲು ಹೆಕ್ಕುವುದು, ಒಂದರ ಉತ್ತರವನ್ನು ಇನ್ನೊಂದಕ್ಕೆ ಪೈಪ್ ಮಾಡುವುದು. ಇಷ್ಟು ಬಂದರೆ ಅರ್ಧ ಭಯ ಹೋಗುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೂ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯ ಹಾಕಿಕೊಂಡು ಲಿನಕ್ಸ್ ಓಡಿಸಬಹುದು.

ಆಮೇಲೆ ಪೈಥಾನ್. ಕಲಿಯಲು ರೊಸಾಲಿಂಡ್ ಎಂಬ ಉಚಿತ ತಾಣ ಇದೆ. ಡಿಎನ್‌ಎ ರಚನೆಯ ಕ್ಷಕಿರಣ ಚಿತ್ರಗಳಿಗೆ ಹೆಸರಾದ ರೊಸಾಲಿಂಡ್ ಫ್ರಾಂಕ್ಲಿನ್ ಹೆಸರಿನದ್ದು. ಅಕ್ಷರ ಎಣಿಸುವ ಚಿಕ್ಕ ಲೆಕ್ಕದಿಂದ ಶುರುವಾಗಿ ನಿಧಾನವಾಗಿ ಕಠಿಣವಾಗುತ್ತದೆ. ಜೊತೆಗೆ ಸ್ವಯಂ ಮತ್ತು ಎನ್‌ಪಿಟೆಲ್‌ನಲ್ಲಿ ಪಾಠಗಳು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ.

ಸ್ಟ್ಯಾಟಿಸ್ಟಿಕ್ಸ್ ಅನ್ನು ಎಲ್ಲರೂ ಮುಂದಕ್ಕೆ ಹಾಕುತ್ತಾರೆ. ಹಾಕಬೇಡಿ. ಒಂದು ಲೆಕ್ಕ ನೋಡಿ. ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಕಾಯಿಲೆ ಇರುವವರಲ್ಲಿ, ಇಲ್ಲದವರಲ್ಲಿ ಒಂದೊಂದು ಜೀನ್ ಎಷ್ಟು ಸಕ್ರಿಯ ಅಂತ ಹೋಲಿಸಿ, ಪಿ ವ್ಯಾಲ್ಯೂ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದದ್ದನ್ನೆಲ್ಲ "ಸಿಕ್ಕಿತು" ಅಂದುಕೊಂಡಿರಿ. ನಿಜವಾಗಿ ಯಾವ ವ್ಯತ್ಯಾಸ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಸುಮಾರು 1,000 ಜೀನ್ ಪಟ್ಟಿಗೆ ಬರುತ್ತವೆ! ಇದನ್ನು ಸರಿಪಡಿಸುವ ವಿಧಾನಗಳಿವೆ. 1995ರಲ್ಲಿ ಬೆಂಜಮಿನಿ ಮತ್ತು ಹಾಕ್‌ಬರ್ಗ್ ಕೊಟ್ಟ ವಿಧಾನವನ್ನು ಇಂದಿಗೂ ದಿನಾ ಬಳಸುತ್ತಾರೆ. ಫ್ರೆಷರ್ ಇಂಟರ್ವ್ಯೂನಲ್ಲಿ ನಾನು ಕೇಳುವ ಪ್ರಶ್ನೆ ಇದು. ಟೂಲ್ ಹೆಸರು ಹೇಳುವವರು ಬಹಳ ಜನ, ಯಾಕೆ ಬೇಕು ಅಂತ ಹೇಳುವವರು ಕಡಿಮೆ.

ಆರ್ ಭಾಷೆಯನ್ನು ಈ ಹಂತದಲ್ಲಿ ಹಿಡಿಯಿರಿ. ಅದರ ಬಯೋಕಂಡಕ್ಟರ್ ಸಂಗ್ರಹದಲ್ಲಿ ಜೀನ್ ಹೋಲಿಕೆಗೆ ಬೇಕಾದದ್ದೆಲ್ಲ ಇದೆ. ಕೋಡ್‌ನಲ್ಲಿ ಮಾಡಿದ ಬದಲಾವಣೆಗಳನ್ನು ದಾಖಲಿಡುವ ಗಿಟ್ ಕಲಿಯಲು ಒಂದು ವಾರಾಂತ್ಯ ಸಾಕು.

ಎಕ್ಸೆಲ್ ಬಗ್ಗೆ ಒಂದು ಎಚ್ಚರಿಕೆ. ಜೀನ್ ಪಟ್ಟಿಯನ್ನು ಅದರಲ್ಲಿ ತೆರೆದರೆ ಸೆಪ್ಟ್2, ಮಾರ್ಚ್1 ಅಂತ ಹೆಸರಿದ್ದ ಜೀನ್‌ಗಳು ತಾರೀಖುಗಳಾಗಿ ಬದಲಾಗುತ್ತಿದ್ದವು. ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಇಂಥ ತಪ್ಪಿದೆ ಎಂದು 2016ರ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಿದರು. ಸಾಫ್ಟ್‌ವೇರ್ ಬದಲಾಗುವುದನ್ನು ಕಾಯುವುದಕ್ಕಿಂತ ಮನುಷ್ಯನ ಜೀನ್‌ಗೆ ಮರುನಾಮಕರಣ ಮಾಡುವುದೇ ಸುಲಭವಾಯಿತು ನೋಡಿ.

ಎಐ ಬಂದಿದೆ, ಕೋಡ್ ಕಲಿಯುವುದು ಇನ್ನು ಯಾಕೆ ಅಂತ ಈಗ ಎಲ್ಲರೂ ಕೇಳುತ್ತಾರೆ. ಎಐ ಕೋಡ್ ಬರೆದುಕೊಡುತ್ತದೆ, ನಿಜ. ಆದರೆ ನೀವು ಕೊಟ್ಟ ಫೈಲು ಜಿಆರ್‌ಸಿಎಚ್37ರದ್ದು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಅದು ಕೊಟ್ಟ ಉತ್ತರ ತಪ್ಪು ಅಂತ ಹಿಡಿಯಲು ನಿಮಗೆ ಬರಬೇಕು. ಪ್ರೋಟೀನ್ ರಚನೆ ಊಹಿಸುವ ಆಲ್ಫಾಫೋಲ್ಡ್‌ಗಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಬಂತು. ಆ ಎಐ ಕಲಿತದ್ದು ಪಿಡಿಬಿ ಎಂಬ ಸಾರ್ವಜನಿಕ ಭಂಡಾರದಿಂದ. 1971ರಿಂದ ಲೋಕದ ವಿಜ್ಞಾನಿಗಳು ಲ್ಯಾಬಿನಲ್ಲಿ ಕಂಡುಹಿಡಿದ ಪ್ರೋಟೀನ್ ರಚನೆಗಳು ಅಲ್ಲಿವೆ. ಕಾಲೇಜಿನ ಮೊದಲ ವರ್ಷದಲ್ಲೇ ಆ ತಾಣಕ್ಕೆ ಹೋಗಿ ಹಿಮೋಗ್ಲೋಬಿನ್ ತಿರುಗಿಸಿ ನೋಡಿ.

ಲ್ಯಾಪ್‌ಟಾಪ್ ವಿಷಯ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇದ್ದರೆ ಕಲಿಯುವುದಕ್ಕೆ ಸಾಕು. ಗೇಮಿಂಗ್ ಲ್ಯಾಪ್‌ಟಾಪಿಗೆ ಸಾಲ ಮಾಡಬೇಡಿ. ಸ್ಟಾರ್ ಎಂಬ ಜೋಡಣೆ ಟೂಲ್‌ಗೆ ಮನುಷ್ಯನ ಜೀನೋಮ್ ಕೊಟ್ಟರೆ ಸುಮಾರು 30 ಜಿಬಿ ರ‍್ಯಾಮ್ ಬೇಕು, ಹೇಗೂ ಮನೆಯಲ್ಲಿ ಓಡುವುದಿಲ್ಲ. ಕಡಿಮೆ ರ‍್ಯಾಮ್ ಸಾಕಾಗುವ ಸಾಲ್ಮನ್ ಅಥವಾ ಹೈಸ್ಯಾಟ್2 ಬಳಸಿ. ಇಲ್ಲವಾದರೆ ಗ್ಯಾಲಕ್ಸಿ ಎಂಬ ಉಚಿತ ಸರ್ವರ್ ಇದೆ, ಬ್ರೌಸರ್‌ನಲ್ಲೇ ಕೆಲಸ ಮುಗಿಯುತ್ತದೆ.

5. ಮೊದಲ ಪ್ರಾಜೆಕ್ಟ್: ಕೊರೊನಾ ವೈರಸ್ಸೇ ಸಾಕು

ಮನುಷ್ಯನ ಜೀನೋಮ್‌ಗೆ ಕೈ ಹಾಕುವ ಮೊದಲು ಸಣ್ಣದರಿಂದ ಶುರು ಮಾಡಿ. ಕೋವಿಡ್ ವೈರಸ್‌ನ ಮಾದರಿ ಜೀನೋಮ್ ಬರೀ 29,903 ಅಕ್ಷರ. ಯಾವ ಲ್ಯಾಪ್‌ಟಾಪಿನಲ್ಲಾದರೂ ಓಡುತ್ತದೆ.

ಅಮೆರಿಕದ ಸಾರ್ವಜನಿಕ ಜೀನ್ ಭಂಡಾರ ಎನ್‌ಸಿಬಿಐ ತಾಣದಿಂದ ಅದರ ಫಾಸ್ಟಾ ಫೈಲ್ (ಅಕ್ಷರಗಳನ್ನು ಸಾಲಾಗಿ ಬರೆದ ಪಠ್ಯ ಫೈಲ್) ಇಳಿಸಿಕೊಳ್ಳಿ. ಪೈಥಾನ್‌ನಲ್ಲಿ ಅಕ್ಷರ ಎಣಿಸಿ. ಜಿ ಮತ್ತು ಸಿ ಸೇರಿ ಶೇಕಡಾ 38ರ ಆಸುಪಾಸು ಬರಬೇಕು. ಬರದಿದ್ದರೆ ಕೋಡ್ ನೋಡಿ. ಆಮೇಲೆ 21563ನೇ ಅಕ್ಷರದಿಂದ 25384ರವರೆಗೆ ಕತ್ತರಿಸಿ. ಅದು ಸ್ಪೈಕ್ ಪ್ರೋಟೀನ್‌ನ ಜೀನ್. ಒಟ್ಟು 3,822 ಅಕ್ಷರ, ಮೂರರಂತೆ ಭಾಗಿಸಿದರೆ 1,274. ಕೊನೆಯ ಮೂರು ಅಕ್ಷರ "ನಿಲ್ಲಿಸು" ಎನ್ನುವ ಸೂಚನೆ. ಉಳಿದದ್ದು 1,273 ಅಮೈನೋ ಆಸಿಡ್. ಪೈಥಾನ್ ಸೊನ್ನೆಯಿಂದ ಎಣಿಸುತ್ತದೆ, ಡೇಟಾಬೇಸ್ ಒಂದರಿಂದ. ಹಾಗಾಗಿ ಮೊದಲ ಸಲ ಕತ್ತರಿಸುವಾಗ ಒಂದು ಅಕ್ಷರ ಆಚೀಚೆ ಆಗುವ ಸಾಧ್ಯತೆ ಜಾಸ್ತಿ. ಶುರುವಿನ ಮೂರಕ್ಷರ ಎಟಿಜಿ ಬಂತಾ ಅಂತ ನೋಡಿದರೆ ಗೊತ್ತಾಗುತ್ತದೆ.

ಈಗ ಮಜಾ. 2020ರಲ್ಲಿ ಲೋಕವೆಲ್ಲ ಹರಡಿದ ತಳಿಗಳಲ್ಲಿ ಡಿ614ಜಿ ಎಂಬ ಬದಲಾವಣೆ ಇತ್ತು. ಸ್ಪೈಕ್‌ನ 614ನೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಸಿಡ್ ಹೋಗಿ ಗ್ಲೈಸೀನ್. ಇದು ಜೀನೋಮ್‌ನ ಯಾವ ಅಕ್ಷರ ಅಂತ ನೀವೇ ಲೆಕ್ಕ ಹಾಕಿ. 613 ಸಲ ಮೂರು 1,839. ಅದಕ್ಕೆ 21563 ಕೂಡಿಸಿದರೆ 23402. ಅಲ್ಲಿಂದ ಮೂರಕ್ಷರ ಜಿಎಟಿ. ನಡುವಿನದು, ಅಂದರೆ 23403ನೇದು, ಎ ಹೋಗಿ ಜಿ ಆದರೆ ಜಿಜಿಟಿ, ಗ್ಲೈಸೀನ್! ನಂತರದ ತಳಿಗಳ ಹತ್ತಿಪ್ಪತ್ತು ಜೀನೋಮ್ ಇಳಿಸಿಕೊಂಡು, ಜೋಡಿಸಿ, ಈ ಜಾಗದಲ್ಲಿ ಏನಿದೆ ಅಂತ ಪಟ್ಟಿ ಮಾಡಿ. ಒಂದು ಚಿತ್ರ ಬರೆಯಿರಿ. ಏನು ಮಾಡಿದಿರಿ, ಯಾಕೆ ಮಾಡಿದಿರಿ ಎಂದು ಒಂದು ಪುಟ ಬರೆದು, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಹಾಕಿ.

ಎರಡನೆಯದಾಗಿ ಎನ್‌ಸಿಬಿಐನದೇ ಜಿಇಒ ಭಂಡಾರದಿಂದ ಒಂದು ಆರ್‌ಎನ್‌ಎ ಸೀಕ್ವೆನ್ಸಿಂಗ್ ಡೇಟಾ ತೆಗೆದುಕೊಂಡು, ಯಾವ ಜೀನ್ ಜಾಸ್ತಿ ಸಕ್ರಿಯ ಯಾವುದು ಕಡಿಮೆ ಅಂತ ಬಯೋಕಂಡಕ್ಟರ್‌ನ ಡಿಸೀಕ್2 (DESeq2) ಟೂಲ್ ಬಳಸಿ ನೋಡಿ. ಬೇರೆಯವರ ಲೇಖನದಲ್ಲಿ ಬಂದ ಉತ್ತರವೇ ನಿಮಗೂ ಬಂತಾ? ಬರದಿದ್ದರೆ ಯಾಕೆ? ಆ "ಯಾಕೆ"ಯನ್ನು ಎರಡು ಪ್ಯಾರಾ ಬರೆದರೆ ಹತ್ತು ಆನ್‌ಲೈನ್ ಸರ್ಟಿಫಿಕೇಟ್‌ಗಿಂತ ಜಾಸ್ತಿ ಬೆಲೆ. ನಮ್ಮ ಮಣ್ಣಿನದ್ದೇ ಬೇಕಾದರೆ ರಾಗಿ ಇದೆ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದವರು ಎಂಎಲ್-365 ಎಂಬ ಬರ ತಡೆಯುವ ರಾಗಿ ತಳಿಯ ಜೀನೋಮನ್ನು 2017ರಲ್ಲಿ ಪ್ರಕಟಿಸಿದರು. ಅದೇ ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ತಂಡ 2015ರಲ್ಲಿ ಕೃಷ್ಣ ತುಳಸಿಯ ಜೀನೋಮ್ ಹೊರತಂದಿತ್ತು.

6. ಎಂಎಸ್ಸಿ ಮತ್ತು ಪ್ರವೇಶ ಪರೀಕ್ಷೆಗಳು

ಒಳ್ಳೆಯ ಕೆಲಸಗಳಲ್ಲಿ ಬಹುಪಾಲು ಎಂಎಸ್ಸಿ ಅಥವಾ ಎಂಟೆಕ್ ಕೇಳುತ್ತವೆ. ಬೆಂಗಳೂರಿನಲ್ಲಿ ಈ ವಿಷಯಕ್ಕೆಂದೇ ಕಟ್ಟಿದ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯ ಬಯೋಟೆಕ್ ಪಾರ್ಕ್‌ನಲ್ಲಿರುವ ಐಬಿಎಬಿ, ಎಲ್ಲರ ಬಾಯಲ್ಲಿ ಐಬ್ಯಾಬ್. ರಾಜ್ಯ ಸರ್ಕಾರದ ಬೆಂಬಲದಿಂದ ಶುರುವಾದದ್ದು. ವಿಶ್ವವಿದ್ಯಾಲಯಗಳ ಬಯೋಟೆಕ್ನಾಲಜಿ ವಿಭಾಗಗಳೂ ಇವೆ.

ಪರೀಕ್ಷೆಗಳನ್ನು ಗೊಂದಲ ಮಾಡಿಕೊಳ್ಳಬೇಡಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವು ಇರುವ ಎಂಎಸ್ಸಿಗಳಿಗೆ ಗ್ಯಾಟ್-ಬಿ. ಐಐಟಿ ಎಂಎಸ್ಸಿ ಮತ್ತು ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಜ್ಯಾಮ್. ಎಂಟೆಕ್‌ಗೆ ಗೇಟ್. ಜ್ಯಾಮ್, ಗೇಟ್ ಎರಡೂ ಫೆಬ್ರವರಿಯ ಸುಮಾರಿಗೆ ನಡೆಯುತ್ತವೆ, ಅರ್ಜಿ ಅದಕ್ಕೂ ಕೆಲವು ತಿಂಗಳು ಮೊದಲೇ ಮುಗಿದಿರುತ್ತದೆ. ಕೊನೆಯ ವರ್ಷದ ದಸರಾ ರಜೆಗೆ ಊರಿಗೆ ಹೋಗುವ ಮೊದಲು ಇವುಗಳ ತಾಣ ಒಮ್ಮೆ ನೋಡಿ ಹೋಗಿ.

ಪಿಎಚ್‌ಡಿ ಕಡೆ ಮನಸ್ಸಿದ್ದರೆ ಸಿಎಸ್‌ಐಆರ್ ನೆಟ್ ಅಥವಾ ಜೈವಿಕ ತಂತ್ರಜ್ಞಾನ ಇಲಾಖೆಯ ಬೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಪಡೆಯಬಹುದು. 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಸಾಫ್ಟ್‌ವೇರ್ ಸೇರಿದ ಗೆಳೆಯರ ಎದುರು ಇದು ಕಡಿಮೆ ಅನ್ನಿಸಬಹುದು. ಐದಾರು ವರ್ಷ ಹೀಗೇ ಇರಬೇಕು ಎನ್ನುವುದನ್ನು ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ.

7. ಬೆಂಗಳೂರನ್ನು ಬಳಸಿಕೊಳ್ಳಿ

ಬೇರೆ ಊರಿನವರಿಗೆ ಇಲ್ಲದ ಅನುಕೂಲ ಇಲ್ಲಿಯವರಿಗೆ ಇದೆ. ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಐಐಎಸ್‌ಸಿಗೆ ಯಶವಂತಪುರ ಮೆಟ್ರೋ ಹತ್ತಿರ. ಪ್ರೋಟೀನ್ ರಚನೆ ಓದುವಾಗ ಬರುವ ರಾಮಚಂದ್ರನ್ ಪ್ಲಾಟ್‌ನ ಜಿ.ಎನ್. ರಾಮಚಂದ್ರನ್, ಮದ್ರಾಸಿನಿಂದ ಬಂದು 1970ರ ದಶಕದ ಆರಂಭದಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ್ದು ಇಲ್ಲೇ. 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದು ಇದೇ ಆವರಣದ ಮೆದುಳು ಸಂಶೋಧನಾ ಕೇಂದ್ರ. ಅದರ ಡೇಟಾ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು.

ಜಿಕೆವಿಕೆಯ ಎನ್‌ಸಿಬಿಎಸ್‌ಗೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಕ್ಕೆ ಹೆಬ್ಬಾಳ ದಾಟಿ ಹೋಗಬೇಕು, ಬಸ್ಸೇ ಗತಿ. ಬೆಳಿಗ್ಗೆ ಬೇಗ ಹೊರಡಿ. ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಐಟಿಪಿಎಲ್ ಒಳಗಿದೆ, ನೇರಳೆ ಮಾರ್ಗದಲ್ಲಿ ಪಟ್ಟಂದೂರು ಅಗ್ರಹಾರ ನಿಲ್ದಾಣ. ಮನುಷ್ಯನ ಪ್ರೋಟೀನ್‌ಗಳ ಕರಡು ನಕ್ಷೆ 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಾಗ ಅದರ ಹಿಂದೆ ಇವರ ತಂಡವೂ ಇತ್ತು. ಎಲೆಕ್ಟ್ರಾನಿಕ್ ಸಿಟಿಗೂ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಬಂದಿದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಲ್ಲುತ್ತಿದ್ದ ಹೊತ್ತಿನಲ್ಲಿ ಈಗ ಒಂದು ಪೇಪರ್ ಓದಬಹುದು.

ಇವುಗಳ ಸಾರ್ವಜನಿಕ ಉಪನ್ಯಾಸಗಳಿಗೆ, ಐಐಎಸ್‌ಸಿಯ ವಾರ್ಷಿಕ ಓಪನ್ ಡೇಗೆ ಹೋಗಿ. ಬೇಸಿಗೆಗೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಸ್ಟೈಪೆಂಡ್ ಕೂಡ ಇದೆ. ಅರ್ಜಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಕರೆಯುತ್ತಾರೆ, ಏಪ್ರಿಲ್‌ನಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ಇಂಟರ್ನ್‌ಶಿಪ್ ಕೇಳಿ ಮೇಲ್ ಬರೆಯುವ ರೀತಿ ಮುಖ್ಯ. "ರೆಸ್ಪೆಕ್ಟೆಡ್ ಸರ್, ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ಕೊಡಿ" ಎಂದು ಐವತ್ತು ಜನಕ್ಕೆ ಒಂದೇ ಮೇಲ್ ಕಳಿಸಿದರೆ ಐವತ್ತು ಕಡೆಯಿಂದಲೂ ಮೌನ. ನಾಲ್ಕೈದು ಲ್ಯಾಬ್ ಆರಿಸಿ. ಪ್ರತಿಯೊಂದರದ್ದೂ ಇತ್ತೀಚಿನ ಒಂದು ಪೇಪರ್ ಓದಿ. ಅದರಲ್ಲಿ ನಿಮಗೆ ಅರ್ಥವಾದದ್ದೇನು, ಅರ್ಥವಾಗದ್ದೇನು ಅಂತ ಎರಡು ಸಾಲು. ನಿಮ್ಮ ಗಿಟ್‌ಹಬ್ ಕೊಂಡಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲಿರಿ. ಮುಗಿಯಿತು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ.

ದುಡ್ಡು ಕೊಟ್ಟು ಮಾಡುವ "ಇಂಟರ್ನ್‌ಶಿಪ್" ಬೇಡ. ಹದಿನೈದು ದಿನ ಪಾಠ ಹೇಳಿ, ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕಿಸಿ ಸರ್ಟಿಫಿಕೇಟ್ ಕೊಡುವ ಜಾಗಗಳು ಊರ ತುಂಬಾ ಇವೆ. ಒಂದೇ ರಿಪೋರ್ಟ್ ಬೇರೆ ಬೇರೆ ಹೆಸರಲ್ಲಿ ಬಂದರೆ ಇಂಟರ್ವ್ಯೂ ಮಾಡುವವರಿಗೆ ಗೊತ್ತಾಗದೆ ಇರುತ್ತದೆಯೇ?

8. ಕೊನೆಗೆ, ಕೆಲಸಗಳು

ಬೆಂಗಳೂರಿನಲ್ಲಿ ಫ್ರೆಷರ್‌ಗಳಿಗೆ ನೇರವಾಗಿ ತೆರೆದಿರುವ ಬಾಗಿಲುಗಳಲ್ಲಿ ಒಂದು ಜೆನೆಟಿಕ್ ಟೆಸ್ಟಿಂಗ್. ಸ್ಟ್ರ್ಯಾಂಡ್ ಎಂಬ ಕಂಪನಿ ಇದೆ, 2000ರಲ್ಲಿ ಐಐಎಸ್‌ಸಿ ಪ್ರಾಧ್ಯಾಪಕರು ಕಟ್ಟಿದ್ದು. ಮೆಡ್‌ಜೀನೋಮ್ ಇದೆ. ಇಂಥಲ್ಲಿ ವೇರಿಯಂಟ್ ಅನಲಿಸ್ಟ್ ಕೆಲಸ ಅಂದರೆ ಮೊದಲ ಹೆಜ್ಜೆಯಲ್ಲಿ ಹೇಳಿದೆನಲ್ಲ, ಅದೇ. ಲಕ್ಷಾಂತರ ವ್ಯತ್ಯಾಸಗಳನ್ನು ಸೋಸಿ ಉಳಿದ ಬೆರಳೆಣಿಕೆಯಷ್ಟನ್ನು ಒಂದೊಂದಾಗಿ ತೂಗಿ ನೋಡುವುದು. ಅಮೆರಿಕದ ವೈದ್ಯಕೀಯ ಜೆನೆಟಿಕ್ಸ್ ತಜ್ಞರ ಸಂಸ್ಥೆ ಎಸಿಎಂಜಿಯ 2015ರ ಮಾರ್ಗಸೂಚಿ ಪ್ರಕಾರ ಐದು ವರ್ಗ ಇದೆ. ಕಾಯಿಲೆ ತರುವುದು, ತರುವ ಸಾಧ್ಯತೆ ಇರುವುದು, ಏನೂ ಹೇಳಲಾಗದ್ದು, ಬಹುಶಃ ನಿರಪಾಯ, ನಿರಪಾಯ. ನಡುವಿನ ಆ "ಏನೂ ಹೇಳಲಾಗದ್ದು" ಭಾರತೀಯರಿಗೆ ತೊಂದರೆ ಕೊಡುತ್ತದೆ, ಯಾಕೆಂದರೆ ಹೋಲಿಸಲು ಬಳಸುವ ಅಂತರರಾಷ್ಟ್ರೀಯ ಡೇಟಾಬೇಸ್‌ಗಳಲ್ಲಿ ಯುರೋಪ್ ಮೂಲದವರೇ ಜಾಸ್ತಿ. ನಮ್ಮಲ್ಲಿ ಸಾಮಾನ್ಯವಾಗಿರುವ ಬದಲಾವಣೆ ಅಲ್ಲಿ ಅಪರೂಪದ್ದಾಗಿ ಕಾಣಬಹುದು. ಈ ವರದಿಯನ್ನು ಡಾಕ್ಟರ್ ನೋಡಿ ಒಂದು ಕುಟುಂಬಕ್ಕೆ ಹೇಳುತ್ತಾರೆ. ಅವಸರ ಮಾಡುವ ಸ್ವಭಾವದವರಿಗೆ ಈ ಕೆಲಸ ಸಲ್ಲ.

ಔಷಧ ಕಂಪನಿಗಳ ಸಂಶೋಧನಾ ಕೇಂದ್ರಗಳು, ಸಿಂಜೀನ್‌ನಂಥ ಗುತ್ತಿಗೆ ಸಂಶೋಧನಾ ಸಂಸ್ಥೆಗಳು ಇನ್ನೊಂದು ದಾರಿ. ಇಲ್ಲಿ ಔಷಧದ ಗುರಿಯಾಗಬಲ್ಲ ಪ್ರೋಟೀನ್ ಹುಡುಕುವುದು, ಅಣುವಿನ ವಿನ್ಯಾಸ, ಒಂದೊಂದು ಕೋಶದ ಡೇಟಾ ವಿಶ್ಲೇಷಣೆ. ಎಂಎಸ್ಸಿ ಜೊತೆ ಅನುಭವ, ಇಲ್ಲವೇ ಪಿಎಚ್‌ಡಿ ಕೇಳುತ್ತಾರೆ. ಇದೇ ಕಂಪನಿಗಳ ಕ್ಲಿನಿಕಲ್ ಡೇಟಾ ವಿಭಾಗಗಳಿಗೆ ಎಸ್‌ಎಎಸ್ ಎಂಬ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಅಥವಾ ಆರ್ ಬಲ್ಲವರು ಬೇಕು. ಅದು ಬಯೋಇನ್ಫರ್ಮ್ಯಾಟಿಕ್ಸ್‌ನ ಪಕ್ಕದ ಮನೆ, ಸ್ಟ್ಯಾಟಿಸ್ಟಿಕ್ಸ್ ಇಷ್ಟ ಇರುವವರು ಅಲ್ಲಿಗೂ ಅರ್ಜಿ ಹಾಕಿ.

ಕೋಡ್ ಕಡೆಗೇ ಒಲವಿದ್ದರೆ ಪೈಪ್‌ಲೈನ್ (ಹಲವು ಟೂಲ್‌ಗಳನ್ನು ಒಂದರ ಹಿಂದೊಂದು ತಾನಾಗಿ ಓಡಿಸುವ ವ್ಯವಸ್ಥೆ) ಕಟ್ಟುವ ಎಂಜಿನಿಯರ್ ಆಗಬಹುದು. ನೆಕ್ಸ್ಟ್‌ಫ್ಲೋ, ಡಾಕರ್, ಕ್ಲೌಡ್ ಕಲಿಯಿರಿ. ನಾಳೆ ಈ ಕ್ಷೇತ್ರ ಬೇಡ ಅನ್ನಿಸಿದರೂ ಸಾಫ್ಟ್‌ವೇರ್ ಕಡೆ ಹೊರಳುವುದು ಇವರಿಗೆ ಸುಲಭ.

ಕೃಷಿಯನ್ನು ಯಾರೂ ಗಮನಿಸುವುದಿಲ್ಲ. ಬೀಜ ಕಂಪನಿಗಳಿವೆ, ಜಿಕೆವಿಕೆ ಇದೆ, ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಹಳ್ಳಿಯಿಂದ ಬಂದು ಬೆಳೆಯ ಕಷ್ಟ ಗೊತ್ತಿರುವ ಹುಡುಗರಿಗೆ ಇಲ್ಲಿ ಒಂದು ಹೆಜ್ಜೆ ಮುಂದೆ ಇರುವ ಅವಕಾಶ ಇದೆ.

ಫ್ರೆಷರ್ ಸಂಬಳದ ಬಗ್ಗೆ ಭ್ರಮೆ ಬೇಡ. ಶುರುವಿನಲ್ಲಿ ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಮಟ್ಟಕ್ಕೆ ಇರುವುದಿಲ್ಲ. ಎರಡು ಮೂರು ವರ್ಷ ಒಂದು ವಿಷಯದಲ್ಲಿ ಆಳಕ್ಕಿಳಿದ ಮೇಲೆ ಕೇಳುವ ಧೈರ್ಯ ಬರುತ್ತದೆ. ತಕ್ಷಣ ಕಂಪನಿ ಸಿಗದಿದ್ದರೆ ಸಂಶೋಧನಾ ಸಂಸ್ಥೆಗಳ ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆ ನೋಡಿ. ಅವುಗಳ ತಾಣಗಳಲ್ಲೇ ಪ್ರಕಟಣೆ ಬರುತ್ತದೆ. ಒಂದು ವರ್ಷದ ಗುತ್ತಿಗೆಯಾದರೂ ನಿಜವಾದ ಡೇಟಾ ಕೈಗೆ ಬರುತ್ತದೆ.

ಇಂಟರ್ವ್ಯೂಗೆ ಮೊದಲು ನಿಮ್ಮ ಪ್ರಾಜೆಕ್ಟನ್ನು ಕನ್ನಡದಲ್ಲೇ ಒಬ್ಬ ಗೆಳತಿಗೆ ಐದು ನಿಮಿಷ ಹೇಳಿ ನೋಡಿ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿಗೆ ಹೆದರಿ ಗೊತ್ತಿರುವುದನ್ನೂ ನುಂಗಿಬಿಡುತ್ತಾರೆ. ವಿಷಯ ಒಂದು ಭಾಷೆಯಲ್ಲಿ ಸಲೀಸಾದರೆ ಇನ್ನೊಂದರಲ್ಲಿ ತಡವರಿಸಿದರೂ ನಡೆಯುತ್ತದೆ. ಇಂಟರ್ವ್ಯೂನಲ್ಲಿ ಗೊತ್ತಿಲ್ಲದ ಟೂಲ್ ಬಗ್ಗೆ ಕೇಳಿದರೆ ಬಳಸಿಲ್ಲ ಅನ್ನಿ, ಬಳಸಿದ ಇನ್ನೊಂದರ ಹೆಸರು ಹೇಳಿ. ರೆಸ್ಯೂಮೆಯಲ್ಲಿ ಇಪ್ಪತ್ತು ಟೂಲ್ ಹೆಸರು ಬರೆದಿದ್ದರೆ ಇಪ್ಪತ್ತರ ಬಗ್ಗೆಯೂ ಕೇಳುತ್ತಾರೆ. ಐದು ಬರೆಯಿರಿ.